ಗೌರಮ್ಮನಿಗೆ ಮಡಿಕೇರಿ ಮಳೆ ಹೇಳಿದ ಮಕ್ಕಳು

ಜುಲೈ ತಿಂಗಳಲ್ಲಿ ಮಡಿಕೇರಿ ಕಡೆ ಪಾಠ ಮಾಡುವುದು ಕಷ್ಟ. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಹಿಂದಿನ ಬೆಂಚಿಗೆ ನನ್ನ ದನಿ ತಲುಪುವುದಿಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು ಅಂತ ಬೋರ್ಡಿನ ಮೇಲೆ ಬರೆದರೆ ಏಳನೇ ಕ್ಲಾಸಿನ ಮಕ್ಕಳು ಸುಮ್ನೆ ನಕಲು ಮಾಡಿಕೊಳ್ಳುತ್ತಿದ್ದರು. ದಿನಾ ಬಸ್ಸಿಂದ ನೋಡುವ ಕೋಟೆಯ ವಿಷಯ ಅದು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ.

ಅದಕ್ಕೇ ಕಥೆ ಬರೆಯಲು ಕೂತೆ. ಮೊದಲನೆಯದು ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನದು. ದಂಡು, ದಿವಾನರು, ಒಳಜಗಳ ಎಲ್ಲ ತುಂಬಿದ್ದೆ. ಮಕ್ಕಳು ಆಕಳಿಸಿದರು. ಅವರಿಗೆ ತಮ್ಮ ವಯಸ್ಸಿನ ಯಾರಾದರೂ ಬೇಕಿತ್ತು.

ಆಗ ನೆನಪಾದವಳು ರಾಜನ ಮಗಳು ಗೌರಮ್ಮ. ಪಟ್ಟ ಹೋದ ಮೇಲೆ ರಾಜನನ್ನು ಕಾಶಿಯಲ್ಲಿ ಇಟ್ಟಿದ್ದರು. ಅವಳು ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ ಹೋದಳು. ಅಲ್ಲಿ ಅವಳಿಗೆ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಕೊಡಗಿನ ರಾಜಕುಮಾರಿ ಅನ್ನಿಸಿಕೊಂಡ ಹುಡುಗಿ ಕೊಡಗನ್ನೇ ನೋಡಿರಲಿಲ್ಲ.

ಹಡಗಿನ ದೃಶ್ಯ ಬರೆದು ಕ್ಲಾಸಿನಲ್ಲಿ ಓದಿದೆ. "ಅಪ್ಪಾಜಿ, ನಮ್ಮೂರಲ್ಲಿ ಮಳೆ ಹೇಗಿರುತ್ತೆ?" ಎಂದು ಗೌರಮ್ಮ ಕೇಳುವಲ್ಲಿಗೆ ನಿಲ್ಲಿಸಿ, ಉತ್ತರ ನೀವೇ ಬರೆಯಿರಿ ಅಂದೆ.

ಒಬ್ಬಳು ಬರೆದಳು: "ಮಗಳೇ, ಅಲ್ಲಿ ಬಟ್ಟೆ ಒಣಗೋದು ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ. ಎಲ್ಲರ ಮೈಯಲ್ಲೂ ಹೊಗೆ ವಾಸನೆ." ರಾಜನ ಬಟ್ಟೆ ಒಣಗಿಸುತ್ತಿದ್ದವರು ಯಾರು ಅಂತ ಜಗಳವೇ ಶುರುವಾಯಿತು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಹುಡುಗನೊಬ್ಬ ಕಾಫಿ ತೋಟದ ಜಿಗಣೆ, ಸಾಲು ಮನೆಗಳ ಬಗ್ಗೆ ಬರೆದಿದ್ದ. ಬ್ರಿಟಿಷರ ಕಾಫಿ ತೋಟ ಇಲ್ಲಿ ಶುರುವಾಗಿದ್ದು 1854ರಲ್ಲಿ, ರಾಜ ಕೊಡಗು ಬಿಟ್ಟು 20 ವರ್ಷ ಆದ ಮೇಲೆ ಅಂತ ಹೇಳಿದೆ. "ಹಾಗಾದ್ರೆ ರಾಜ ನಮ್ಮ ಲೈನ್ ನೋಡೇ ಇಲ್ವಾ ಟೀಚರ್?" ಅಂತ ಕೇಳಿದ. ಜಿಗಣೆ ಉಳಿಸಿಕೊಂಡು ಸಾಲು ಮನೆ ಹೊಡೆದುಹಾಕಿದ. ಇಸವಿಯೊಂದನ್ನು ಅಷ್ಟು ಆಸ್ಥೆಯಿಂದ ಬಳಸಿದ ಮಗುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಂದು ತಪ್ಪನ್ನೂ ಹೇಳಬೇಕು. ಕಥೆಗಾಗಿ ನಾಪೋಕ್ಲು ಕಡೆಯ ಒಬ್ಬ ಆಯಾಳನ್ನು ಹಡಗಿಗೆ ಹತ್ತಿಸಿದ್ದೆ. ಪರೀಕ್ಷೆಯಲ್ಲಿ ನಾಲ್ಕು ಜನ ಅವಳನ್ನು ನಿಜವೆಂದೇ ಬರೆದರು. ನನಗೆ ಭಯವಾಯಿತು. ಇತಿಹಾಸ ಕಲಿಸಲು ಹೋಗಿ ಸುಳ್ಳು ಕಲಿಸಿದ ಹಾಗಾಯಿತಲ್ವಾ? ಅಂದಿನಿಂದ ಕಥೆ ಮುಗಿದ ಮೇಲೆ ಮಕ್ಕಳೇ ಪೆನ್ಸಿಲ್ ಹಿಡಿದು ಕೂರುತ್ತಾರೆ. ನಡೆದದ್ದರ ಕೆಳಗೆ ಹಸಿರು ಗೆರೆ, ಕಟ್ಟಿದ್ದರ ಕೆಳಗೆ ನೀಲಿ. ಕಥೆ ಕೇಳುವುದಕ್ಕಿಂತ ಈ ಆಟವೇ ಅವರಿಗೆ ಜಾಸ್ತಿ ಇಷ್ಟ.

ಮಳೆ ಬಿಟ್ಟ ಮೇಲೆ ಕೊಡಗಿನ ರಾಜರ ಗದ್ದಿಗೆಗೆ ಕರೆದುಕೊಂಡು ಹೋದೆ. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿ ನೋಡಿ, ಹೊಗೆ ವಾಸನೆ ಬರೆದಿದ್ದ ಹುಡುಗಿ "ಗೌರಮ್ಮನ ಅಪ್ಪ ಎಲ್ಲಿ?" ಅಂತ ಕೇಳಿದಳು. ಅವನು 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ ಅಂದೆ. ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನೋಟ್ ಬುಕ್ ಕೊಟ್ಟಳು: "1859. ಲಂಡನ್. ರಾಜ ಸಾಯುವ ದಿನ ಸಣ್ಣ ಮಳೆ ಬರುತ್ತಿತ್ತು." ಇಸವಿಗೂ ಊರಿಗೂ ಹಸಿರು ಗೆರೆ ಎಳೆದಿದ್ದಳು. ಮಳೆಗೆ ನೀಲಿ.