ಬಳ್ಳಾರಿ ಬಿಸಿಲಲ್ಲಿ ಪೊಕೆಮಾನ್ ಗೋ ಕಮ್ಯುನಿಟಿ ಡೇ: ನಾನು ಆಡುವ ರೀತಿ

ಪೊಕೆಮಾನ್ ಗೋ ಎಂದರೆ ಹೊರಗೆ ಓಡಾಡುತ್ತಾ, ಫೋನಿನ ನಕ್ಷೆಯಲ್ಲಿ ಕಾಣುವ ಪೊಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳನ್ನು ಬಾಲು ಎಸೆದು ಹಿಡಿಯುವ ಆಟ. ಅದರಲ್ಲಿ ಕಮ್ಯುನಿಟಿ ಡೇ ಎಂದರೆ ವಾರಾಂತ್ಯದ ಒಂದು ಮಧ್ಯಾಹ್ನ, ಸಾಮಾನ್ಯವಾಗಿ 2ರಿಂದ 5ರವರೆಗೆ, ಒಂದೇ ಜಾತಿಯ ಪೊಕೆಮಾನ್ ಎಲ್ಲೆಂದರಲ್ಲಿ ಕಾಣಿಸಿಕೊಳ್ಳುವ ಹೊತ್ತು. 2018ರ ಜನವರಿಯಲ್ಲಿ ಪಿಕಾಚುವಿನಿಂದ ಶುರುವಾದ ಈ ಕಾರ್ಯಕ್ರಮ ಆಯಾ ಊರಿನ ಗಡಿಯಾರಕ್ಕೆ ತಕ್ಕಂತೆ ನಡೆಯುತ್ತದೆ. ತಂಪು ಊರಿನವರಿಗೆ ಅದು ಅಡ್ಡಾಡುವ ಸಮಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಆ ಹೊತ್ತಿಗೆ ನಾಯಿಯೂ ನೆರಳು ಬಿಟ್ಟು ಬರುವುದಿಲ್ಲ. ಹಾಗಾಗಿ ‘ಎಷ್ಟು ನಡೆದರೆ ಅಷ್ಟು ಸಿಗುತ್ತದೆ’ ಎಂಬ ಸಲಹೆಯನ್ನು ನಾನು ಇಲ್ಲಿ ಪಾಲಿಸುವುದಿಲ್ಲ. ಸಣ್ಣ ಸುತ್ತು, ನೆರಳು, ಬಿಸಿಯೇರದ ಫೋನು, ಇವಿಷ್ಟನ್ನೇ ನಂಬಿ ಆಡುತ್ತೇನೆ.

ಯಾಕೆಂದರೆ ಶೈನಿ, ಅಂದರೆ ಅಪರೂಪಕ್ಕೆ ಬೇರೆ ಬಣ್ಣದಲ್ಲಿ ಬರುವ ಪೊಕೆಮಾನ್, ಸಿಗುವುದು ಅದೃಷ್ಟಕ್ಕಿಂತ ಹೆಚ್ಚಾಗಿ ಎಣಿಕೆಯ ಮಾತು. ಆಟಗಾರರು ಲೆಕ್ಕ ಇಟ್ಟು ಕಂಡುಕೊಂಡಂತೆ ಆ ದಿನ ಸುಮಾರು 25ಕ್ಕೆ ಒಂದು ಶೈನಿ. 25 ನೋಡಿದರೂ ಒಂದೂ ಸಿಗದಿರುವ ಸಾಧ್ಯತೆ ನೂರಕ್ಕೆ 36. ಐವತ್ತು ನೋಡಿದರೆ ಅದು 13ಕ್ಕೆ ಇಳಿಯುತ್ತದೆ, ನೂರು ನೋಡಿದರೆ 2ಕ್ಕಿಂತ ಕಡಿಮೆ. ಅಂದರೆ ಮೂರು ಗಂಟೆ ಫೋನು ಕೈಕೊಡದಿದ್ದರೆ ಖಾಲಿ ಕೈಯಲ್ಲಿ ಮನೆಗೆ ಬರುವುದು ಕಷ್ಟ. ಬಣ್ಣ ಬೇರೆ ಇದೆಯೇ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ, ಒತ್ತಿ ಒಳಗೆ ಹೋದಾಗಲೇ ಕಾಣುತ್ತದೆ. ಪಕ್ಕದವನಿಗೆ ಶೈನಿಯಾಗಿ ಬಂದದ್ದು ನಿಮಗೂ ಹಾಗೇ ಬರುತ್ತದೆಂಬ ನಿಯಮವಿಲ್ಲ. ಹೊತ್ತು ಕಡಿಮೆಯಿದ್ದಾಗ ಒತ್ತಿ ನೋಡಿ, ಮಾಮೂಲಿಯಾದರೆ ಬಿಟ್ಟು, ಮುಂದಿನದಕ್ಕೆ ಹೋಗಬಹುದು.

ಜಾಗದ ಆಯ್ಕೆಗೆ ನಾನು ಮೊದಲು ನೋಡುವುದು ಸೂರ್ಯನನ್ನು. ಬಳ್ಳಾರಿ ಗುಡ್ಡ ಒಂದೇ ಬಂಡೆಯಂತಿರುವ ಗ್ರಾನೈಟ್ ರಾಶಿ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಕಾದು ಧಗೆ ಉಗುಳುತ್ತದೆ, ಗುಡ್ಡದ ಮೇಲಿನ ಕೋಟೆಯ ಮೆಟ್ಟಿಲು ಆ ಸಮಯದಲ್ಲಿ ಬೇಡವೇ ಬೇಡ. ಕೆಳಕೋಟೆ ಇರುವುದು ಗುಡ್ಡದ ಪೂರ್ವದ ಬುಡದಲ್ಲಿ. ಸೂರ್ಯ ಪಶ್ಚಿಮಕ್ಕೆ ಇಳಿದಂತೆ ಗುಡ್ಡದ ನೆರಳು ಈ ಮಗ್ಗುಲಿಗೇ ಬೀಳುತ್ತದೆ, ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ನಾಲ್ಕು ದಾಟಿದ ಮೇಲೆ. ಅದಕ್ಕೇ ಮೊದಲ ಎರಡು ಗಂಟೆ ಮರಗಳಿರುವ ಪಾರ್ಕು, ಕೊನೆಯ ಗಂಟೆ ಕೋಟೆ ಆಂಜನೇಯ ಗುಡಿಯ ಕಡೆ. ಆದರೆ ನೆರಳಿನ ಆಸೆಗೆ ಬಂಡೆಗೆ ಒತ್ತಿಕೊಂಡು ನಿಲ್ಲಬೇಡಿ. ಅರ್ಧ ಆಕಾಶ ಮರೆಯಾಗುತ್ತದೆ, ಉಪಗ್ರಹದ ಸಿಗ್ನಲ್ ಕಲ್ಲಿಗೆ ಬಡಿದು ಸುತ್ತಿ ಬರುತ್ತದೆ. ನೀವು ನಿಂತಲ್ಲೇ ಇದ್ದರೂ ನಕ್ಷೆಯ ಗೊಂಬೆ ರಸ್ತೆ ದಾಟಿ ಓಡುತ್ತದೆ, ವೇಗ ಹೆಚ್ಚಾಯಿತೆಂದು ಆಟ ಎಚ್ಚರಿಕೆ ತೋರಿಸುತ್ತದೆ. ಮೂವತ್ತು ನಲವತ್ತು ಮೀಟರ್ ಈಚೆ ಬಂದು ಬೇವಿನ ಮರದಡಿ ನಿಂತರೆ ಜಿಪಿಎಸ್ ನೆಟ್ಟಗಾಗುತ್ತದೆ.

ಸುತ್ತು ಅರ್ಧ ಕಿಲೋಮೀಟರ್ ಸಾಕು, ಅದರಲ್ಲಿ ಮೂರು ನಾಲ್ಕು ಪೊಕೆಸ್ಟಾಪ್ (ಪರದೆಯಲ್ಲಿ ತಿರುಗಿಸಿದರೆ ಬಾಲು ಮುಂತಾದ ವಸ್ತು ಕೊಡುವ ಜಾಗ) ಬರಬೇಕು, ಮುಖ್ಯ ರಸ್ತೆ ದಾಟುವಂತಿರಬಾರದು. ಒಮ್ಮೆ ತಿರುಗಿಸಿದ ಸ್ಟಾಪ್ 5 ನಿಮಿಷಕ್ಕೆ ಮತ್ತೆ ಸಿದ್ಧವಾಗುತ್ತದೆ, ನೀವು ನಿಧಾನವಾಗಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲಿನದು ಕಾದಿರುತ್ತದೆ. ಸ್ಟಾಪ್ 80 ಮೀಟರ್ ದೂರದಿಂದಲೇ ಸಿಗುವುದರಿಂದ ಗುಡಿಯ ಅಂಗಳಕ್ಕೆ ಫೋನು ಹಿಡಿದು ನುಗ್ಗುವ ಅಗತ್ಯವಿಲ್ಲ, ಹೊರಗೆ ನಿಂತೇ ತಿರುಗಿಸಬಹುದು. ಹಿಂದಿನ ಸಂಜೆಯೇ ಒಮ್ಮೆ ಓಡಾಡಿ ನೋಡಿಕೊಳ್ಳಿ. ಹೊಸ ಸ್ಟಾಪ್ ಸೇರಿರುತ್ತದೆ, ಹಳೆಯದು ಹೋಗಿರುತ್ತದೆ, ಇಲ್ಲವೇ ಗೇಟಿಗೆ ಬೀಗ ಬಿದ್ದಿರುತ್ತದೆ.

ಇನ್ನು ಫೋನು. ಇದಕ್ಕೆ ಬಿಸಿಲು, ಪ್ರೊಸೆಸರ್, ಚಾರ್ಜಿಂಗ್, ಮೂರು ಕಡೆಯಿಂದ ಶಾಖ. ಐಫೋನನ್ನು 35 ಡಿಗ್ರಿಯೊಳಗೆ ಬಳಸಿ ಎಂದು ಆಪಲ್ ಹೇಳುತ್ತದೆ, ನಮ್ಮಲ್ಲಿ ನೆರಳೇ ಅದಕ್ಕಿಂತ ಬಿಸಿ. ಬಿಸಿಯೇರಿದ ಫೋನು ಮೊದಲು ತಾನೇ ಬೆಳಕು ತಗ್ಗಿಸುತ್ತದೆ. ನೀವು ಕಾಣುವುದಿಲ್ಲವೆಂದು ಬೆಳಕು ಏರಿಸುತ್ತೀರಿ, ಇನ್ನಷ್ಟು ಬಿಸಿ. ಆಮೇಲೆ ಚಿತ್ರ ತಡವರಿಸುತ್ತದೆ, ಪೊಕೆಮಾನ್ ಸುತ್ತಲಿನ ಗುರಿಯ ವೃತ್ತ ಸಣ್ಣದಾದಾಗ ಬಿಟ್ಟ ಬಾಲು ದೊಡ್ಡದಾದ ಮೇಲೆ ಹೋಗಿ ತಾಗುತ್ತದೆ. ಕೊನೆಗೆ ಚಾರ್ಜ್ ಏರುವುದೇ ನಿಲ್ಲುತ್ತದೆ. ಎಷ್ಟೋ ಜನ ಕೇಬಲ್ ಹಾಳಾಗಿದೆ ಎಂದುಕೊಳ್ಳುವುದು ಇದನ್ನೇ ನೋಡಿ.

ಆದ್ದರಿಂದ ಹಿಂದಿನ ಕವರ್ ಮನೆಯಲ್ಲೇ ಬಿಡುತ್ತೇನೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಸೇವರ್ ಹಚ್ಚಿ, ಎಆರ್ (ಕ್ಯಾಮೆರಾ ದೃಶ್ಯದ ಮೇಲೆ ಪೊಕೆಮಾನ್ ತೋರಿಸುವುದು), ಸದ್ದು, ಕಂಪನ ಮತ್ತು ಪರದೆಯನ್ನು ಪೂರ್ತಿ ವೇಗದಲ್ಲಿ ಓಡಿಸುವ ನೇಟಿವ್ ರಿಫ್ರೆಶ್ ರೇಟ್ ಬಂದ್ ಮಾಡುತ್ತೇನೆ. ಆಟದ ಅಪ್‌ಡೇಟ್ ಮತ್ತು ಎಲ್ಲಾ ಅಸೆಟ್‌ಗಳ ಡೌನ್‌ಲೋಡ್ ಹಿಂದಿನ ರಾತ್ರಿ ಮನೆಯ ವೈಫೈನಲ್ಲೇ ಮುಗಿಯಬೇಕು. ಅಗಲ ಅಂಚಿನ ಟೋಪಿಯ ನೆರಳಲ್ಲಿ ಪರದೆ ಹಿಡಿದರೆ ಕಡಿಮೆ ಬೆಳಕಲ್ಲೂ ಕಾಣುತ್ತದೆ. ಎಷ್ಟೇ ಬಿಸಿಯಾದರೂ ಐಸ್ ಇಡಬೇಡಿ, ತಂಪು ನೀರಿನ ಬಾಟಲಿಗೂ ಒತ್ತಬೇಡಿ. ಥಟ್ಟನೆ ತಣ್ಣಗಾದರೆ ಒಳಗೇ ನೀರಿನ ಹನಿ ಕಟ್ಟುತ್ತದೆ. ಪರದೆ ಆರಿಸಿ, ಗಾಳಿಯಾಡುವ ನೆರಳಲ್ಲಿ ಹತ್ತು ನಿಮಿಷ ಬಿಟ್ಟರೆ ಸಾಕು.

ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದಿದ್ದರೂ ಅದು ಒಳಗಿನ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿ ಕೊಡುವಾಗ ಉಳಿಯುವುದು 6,000ದಿಂದ 6,500, ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ಇದನ್ನೂ ಬರೆದಿರುತ್ತಾರೆ. 5,000 ಎಂಎಎಚ್ ಫೋನಿಗೆ ಹೆಚ್ಚುಕಡಿಮೆ ಒಂದೂಕಾಲು ಸಲ, ಮೂರು ಗಂಟೆಗೆ ಧಾರಾಳ. ಆಡುತ್ತಲೇ ಚಾರ್ಜ್ ಹಾಕುವುದಿಲ್ಲ. ಪೂರ್ತಿ ತುಂಬಿಸಿ ಹೊರಟು, ಅರ್ಧಕ್ಕೆ ಇಳಿದಾಗ ನೆರಳಲ್ಲಿ ಕೂತು, ಆಟ ಮುಚ್ಚಿ, ಕಾಲು ಗಂಟೆ ಹಾಕುತ್ತೇನೆ. ಫಾಸ್ಟ್ ಚಾರ್ಜಿಂಗ್ ಬಂದ್ ಮಾಡಿದರೆ ಶಾಖ ಕಡಿಮೆ.

ಆಟದೊಳಗಿನ ಬ್ಯಾಗು ಖಾಲಿ ಮಾಡುವ ಕೆಲಸವನ್ನು ಹಲವರು 2 ಗಂಟೆಗೆ ಶುರು ಮಾಡುತ್ತಾರೆ, ಅಲ್ಲೇ ಇಪ್ಪತ್ತು ನಿಮಿಷ ಹೋಯಿತು. ಹೊಸಬರಿಗೆ ಸಿಗುವುದು 350 ವಸ್ತುಗಳ ಬ್ಯಾಗು, 300 ಪೊಕೆಮಾನ್‌ಗಳ ಜಾಗ. ನಿಧಾನವಾಗಿ ಆಡಿದರೂ ಮೂರು ಗಂಟೆಗೆ 200 ಹಿಡಿಯಬಹುದು, ತಪ್ಪಿದ ಎಸೆತವೂ ಸೇರಿ 300 ಬಾಲು ಬೇಕು. ಕಾದಾಟದ ನಂತರ ಚೇತರಿಕೆಗೆ ಬೇಕಾಗುವ ಪೋಷನ್, ರಿವೈವ್ ಮುಲಾಜಿಲ್ಲದೆ ತೆಗೆಯಿರಿ. 50 ಜಾಗ ಹೆಚ್ಚಿಸಲು ಆಟದ 200 ಕಾಯಿನ್ ಬೇಕು. ಜಿಮ್ ಎಂಬ ಕಾದಾಟದ ಜಾಗದಲ್ಲಿ ನಿಮ್ಮ ಪೊಕೆಮಾನನ್ನು ಕಾವಲಿಗಿಟ್ಟರೆ ದಿನಕ್ಕೆ ಹೆಚ್ಚೆಂದರೆ 50 ಬರುವುದರಿಂದ ನಾಲ್ಕು ದಿನ ಮುಂಚೆಯೇ ಜಿಮ್ ಹಿಡಿಯಲು ಶುರು ಮಾಡಬೇಕು.

ಲೂರ್, ಇನ್ಸೆನ್ಸ್ ಎರಡೂ ಪೊಕೆಮಾನ್ ಸೆಳೆಯುವ ವಸ್ತುಗಳು: ಸ್ಟಾಪಿಗೆ ಲೂರ್ ಹಾಕಿದರೆ ಅದರ ಸುತ್ತ ಇರುವ ಎಲ್ಲರಿಗೂ ಪೊಕೆಮಾನ್ ಬರುತ್ತದೆ, ಇನ್ಸೆನ್ಸ್ ಆದರೆ ಅದನ್ನು ಹಾಕಿದವರಿಗೆ ಮಾತ್ರ. ಮಾಮೂಲಿ ದಿನ ಅರ್ಧ ಗಂಟೆಗೆ ಮುಗಿಯುವ ಲೂರ್ ಬಹಳಷ್ಟು ಕಮ್ಯುನಿಟಿ ಡೇಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆ ತಿಂಗಳ ಘೋಷಣೆ ನೋಡಿಕೊಳ್ಳಿ. ಒಬ್ಬೊಬ್ಬರು ಒಂದೊಂದು ಸ್ಟಾಪಿಗೆ ಹಾಕಿದರೆ ಸಾಕು, ಒಂದೇ ಸ್ಟಾಪಿಗೆ ಎಲ್ಲರೂ ಮುಗಿಬೀಳಬೇಕಿಲ್ಲ. ಇನ್ಸೆನ್ಸ್ ಕೂತವರಿಗಿಂತ ನಡೆಯುವವರಿಗೆ ಹೆಚ್ಚು ಕೊಡುತ್ತದೆ. ಪರದೆ ನೋಡದೆಯೇ ಹಿಡಿಯಲು ಬಳಸುವ ಗೋ ಪ್ಲಸ್ ಸಾಧನ ಒಂದೇ ಬಾಲು ಎಸೆಯುತ್ತದೆ, ತಪ್ಪಿದರೆ ಶೈನಿಯೂ ಓಡಿಹೋಗುತ್ತದೆ. ಈ ಮೂರು ಗಂಟೆ ನಾನು ಕೈಯಲ್ಲೇ ಆಡುತ್ತೇನೆ. ಬೈಕಿನ ಹಿಂದೆ ಕೂತು ಆಡುವವರಿಗೆ ಸ್ಟಾಪೂ ಸರಿಯಾಗಿ ತಿರುಗುವುದಿಲ್ಲ, ನಡೆದ ದೂರಕ್ಕೆ ಒಡೆಯುವ ಮೊಟ್ಟೆಯ ಕಿಲೋಮೀಟರೂ ಏರುವುದಿಲ್ಲ.

ಒಬ್ಬರಿಗೆ ಎರಡು ಲೀಟರ್ ನೀರು, ಒಂದು ಲೀಟರಿಗೆ ಕಲಸುವ ಓಆರ್‌ಎಸ್ ಪೊಟ್ಟಣ ಒಂದು. ತಲೆ ಸುತ್ತಿದರೆ, ಬೆವರು ನಿಂತರೆ ಆಟ ಅಲ್ಲಿಗೇ ಬಿಡಬೇಕು, ಇದರಲ್ಲಿ ರಾಜಿ ಇಲ್ಲ. ಜೊತೆಗೆ ಎರಡು ಒಣ ಕರವಸ್ತ್ರ. ಬೆರಳು ಬೆವರಿದರೆ ಸುತ್ತಿ ಎಸೆದ ಕರ್ವ್ ಬಾಲು ಅರ್ಧಕ್ಕೇ ಜಾರಿ ಪಕ್ಕಕ್ಕೆ ಬೀಳುತ್ತದೆ. ಒಗ್ಗರಣಿ ಮಿರ್ಚಿ ತಿನ್ನುವುದನ್ನು 5ರ ನಂತರಕ್ಕೆ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ, ಎಣ್ಣೆಗೈ ಬೆವರಿಗಿಂತ ಕೆಟ್ಟದ್ದು. “ಏನ್ರೀ, ಎಲ್ರೂ ಕೂಡಿ ಏನ್ ಹುಡುಕ್ಲಿಕ್ಕತ್ತೀರಿ?” ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಫೋನು ತಿರುಗಿಸಿ ತೋರಿಸಿಬಿಡಿ, ಮುಂದಿನ ಸಲ ಅವರೇ ಕುರ್ಚಿ ಕೊಡುತ್ತಾರೆ.

5 ಗಂಟೆಗೆ ಹಿಡಿಯುವುದು ಮುಗಿದರೂ ಎವಾಲ್ವ್ ಮಾಡಲು, ಅಂದರೆ ಪೊಕೆಮಾನನ್ನು ಮುಂದಿನ ರೂಪಕ್ಕೆ ಬೆಳೆಸಲು, ಇನ್ನೂ ಸಮಯ ಕೊಟ್ಟಿರುತ್ತಾರೆ. ಆ ಗಡುವಿನೊಳಗೆ ಮಾಡಿದರಷ್ಟೇ ವಿಶೇಷ ದಾಳಿ ಬರುತ್ತದೆ, ತಪ್ಪಿದರೆ ದಾಳಿ ಬದಲಿಸುವ ದುಬಾರಿ ಎಲೀಟ್ ಟಿಎಂ ಬೇಕು. ಮೂರು ಹಂತದ್ದಾದರೆ ಸಾಮಾನ್ಯವಾಗಿ 25 ಮತ್ತು 100, ಒಟ್ಟು 125 ಕ್ಯಾಂಡಿ (ಆ ಜಾತಿಯನ್ನು ಹಿಡಿದಾಗ ಸಿಗುವುದು) ಬೇಕು. ಹುಡುಕಾಟದಲ್ಲಿ ‘ಏಜ್’ ಪದಕ್ಕೆ ಸೊನ್ನೆ ಅಂಟಿಸಿ (age0) ಬರೆದರೆ ಕಳೆದ 24 ಗಂಟೆಯಲ್ಲಿ ಹಿಡಿದವಷ್ಟೇ ಬರುತ್ತವೆ. ಶೈನಿಗಳಿಗೂ ಗುಣದಲ್ಲಿ ಪೂರ್ಣಾಂಕ ಪಡೆದ ನಾಲ್ಕು ಸ್ಟಾರಿನವಕ್ಕೂ ಫೇವರಿಟ್ ಗುರುತು ಹಾಕಿ, ಆಮೇಲೆ ಮಿಕ್ಕವನ್ನು ಟ್ರಾನ್ಸ್‌ಫರ್ ಮಾಡಿ.

ಚದುರುವ ಮೊದಲು ಟ್ರೇಡ್, ಅಂದರೆ ಪೊಕೆಮಾನ್ ಅದಲು ಬದಲು. ಸಾಮಾನ್ಯವಾಗಿ ಇಬ್ಬರೂ 100 ಮೀಟರ್ ಒಳಗಿರಬೇಕು. ನಿಮ್ಮಲ್ಲಿ ಇಲ್ಲದ ಶೈನಿಗೆ ಆಟದೊಳಗಿನ ಆರಂಭದ ಗೆಳೆತನದಲ್ಲಿ ತೆರಬೇಕಾದದ್ದು 10 ಲಕ್ಷ ಸ್ಟಾರ್‌ಡಸ್ಟ್, ಬೆಸ್ಟ್ ಫ್ರೆಂಡ್ ಆದರೆ 40,000. ಆ ದಿನ ಅರ್ಧ ರಿಯಾಯಿತಿ ಇದ್ದರೆ 20,000. ಬೆಸ್ಟ್ ಫ್ರೆಂಡ್ ಆಗಲು 90 ದಿನದ ಗಿಫ್ಟು ಬೇಕು, ಬೇಸಿಗೆಗೆ ಆಡುವ ಜೊತೆಗಾರರಿಗೆ ಸಂಕ್ರಾಂತಿಯ ಹೊತ್ತಿಗೇ ಕಳಿಸಲು ಶುರು ಮಾಡಿ.