ಹೂವಿನ ಆಸೆ ಬಿಟ್ಟು ಬೇರು ಹುಡುಕಿದ್ಮೇಲೆ ಸಿಕ್ಕ ಸೀತಾಳೆ ದಂಡೆ

ಈ ಬೇಸಿಗೇಲಿ ಒಂದು ಶನಿವಾರ ಭಾನುವಾರ ಪೂರ್ತಿ ನಾನೂ ನನ್ನ ಗೆಳೆಯಾನೂ ಕಾಡು ಆರ್ಕಿಡ್ ಹುಡುಕ್ತಾ ಓಡಾಡಿದ್ವಿ. ಈ ಬಿಸಿಲಲ್ಲಿ ಎಂಥ ಹೂ ಸಿಗುತ್ತೆ ಅಂತ ಕೇಳ್ದೋರೇ ಜಾಸ್ತಿ. ನೆಲದಲ್ಲಿ ಬೆಳೆಯೋ ಆರ್ಕಿಡ್‌ಗಳು ಹೆಚ್ಚಿನವು ಮಳೆ ಬಿದ್ದ ಮೇಲೇ ಏಳೋದು ನಿಜ, ಆದ್ರೆ ಮರದ ಮೇಲೆ ಕೂತಿರೋ ಸೀತಾಳೆ ದಂಡೆ ಥರದವು ಮಳೆಗೆ ಮುಂಚೆಯೇ ಹೂ ಬಿಡ್ತವೆ, ಡೆಂಡ್ರೋಬಿಯಂ ಅನ್ನೋ ಇನ್ನೊಂದು ಗುಂಪಿನ ಕೆಲವು ಆರ್ಕಿಡ್‌ಗಳಂತೂ ಎಲೆ ಎಲ್ಲಾ ಉದುರಿಸಿ ಬರೀ ಕಡ್ಡಿ ಮೇಲೆ ಹೂ ಹೊತ್ಕೊಂಡು ನಿಂತಿರ್ತವೆ.

ಶನಿವಾರ ಏನೂ ಸಿಗ್ಲಿಲ್ಲ. ಬಣ್ಣ ಹುಡುಕ್ತಾ ಬೇಗ ಬೇಗ ನಡೆದಿದ್ದೇ ತಪ್ಪಾಯ್ತು.

ಭಾನುವಾರ ಹೂವಿನ ಆಸೆ ಬಿಟ್ಟು ಬೇರು ನೋಡೋಕೆ ಶುರು ಮಾಡ್ದೆ. ಒರಟು ತೊಗಟೆಯ ಹಳೇ ಮರ, ಬೆಳಕು ಬೀಳೋ ಕವಲು, ಅಲ್ಲಿ ಪೆನ್ಸಿಲ್ ದಪ್ಪದ ಬೂದು ಬಿಳಿ ಬೇರುಗಳು ತೊಗಟೆಗೆ ಅಂಟ್ಕೊಂಡು ಹರಿದಿದ್ರೆ ಅಲ್ಲೇ ನಿಂತು ಬೈನಾಕ್ಯುಲರ್ ಹಿಡಿಯೋದು. ಅರ್ಧ ಗಂಟೇಲಿ ಮೂರು ಗಿಡ ಕಂಡ್ವು, ನಾಲ್ಕನೇ ಮರದಲ್ಲಿ ಗೆಳೆಯ "ಏ, ಅದು ಬದನಿಕೆ ಕಣೋ" ಅಂದ. ಸುಮಾರು ಜನ ಹಾಗೇ ಅನ್ಕೋತಾರೆ. ಬದನಿಕೆ ಮರದೊಳಗೆ ಬೇರು ತೂರಿಸಿ ಅದರ ನೀರು, ಸತ್ವ ಹೀರುತ್ತೆ. ಆರ್ಕಿಡ್‌ಗೆ ಮರ ಬರೀ ಕೂರೋ ಜಾಗ ಅಷ್ಟೆ, ನೀರೆಲ್ಲಾ ಮಳೆ ಮಂಜಿಂದಾನೇ.

ಅದೇ ಮರದ ಬುಡದಲ್ಲಿ ಒಂದು ಒಣ ಕೊಂಬೆ ಮುರಿದು ಬಿದ್ದಿತ್ತು, ಅದರ ಮೇಲೆ ಸೀತಾಳೆ ದಂಡೆ, ಹೂವಿನ ಸಮೇತ! ಮಂಡಿಯೂರಿ ಕೂತು ನೋಡಿದೆ. ಬೆಳ್ಳಗಿನ ಪುಟ್ಟ ಹೂಗಳ ಮೇಲೆ ನೇರಳೆ ಚುಕ್ಕಿ, ನಡುವಿನ ತುಟಿಯಂಥ ಎಸಳು ಮಾತ್ರ ಗಾಢ ಗುಲಾಬಿ, ಒಂದೇ ಗೊಂಚಲಲ್ಲಿ 87 ಹೂ ಎಣಿಸಿದೆ, ಯಾರೋ ಕೂತು ಒತ್ತಾಗಿ ದಂಡೆ ಕಟ್ಟಿದ ಹಾಗೇ ಇತ್ತು. ಬಾಟಲಿ ನೀರನ್ನ ಒಂದು ಬೇರಿನ ಮೇಲೆ ಹನಿಸಿದೆ, ನೋಡ್ತಾ ನೋಡ್ತಾ ಬಿಳಿ ಹೋಗಿ ಹಸಿರಾಯ್ತು. ಬೇರಿನ ಸುತ್ತ ಸತ್ತ ಜೀವಕೋಶಗಳ ಸ್ಪಂಜಿನಂಥ ಪದರ ಇರುತ್ತೆ, ವೆಲಾಮೆನ್ ಅಂತಾರೆ, ಅದು ನೀರು ಕುಡಿದ ತಕ್ಷಣ ಒಳಗಿನ ಹಸಿರು ಆಚೆ ಕಾಣುತ್ತೆ. ಆಮೇಲೆ ಒಂದು ಹುಲ್ಲುಕಡ್ಡಿ ತಗೊಂಡು ಹೂವಿನ ನಡುವೆ ಮೆಲ್ಲಗೆ ಮುಟ್ಟಿಸಿದೆ, ಅದರ ತುದಿಗೆ ಎರಡು ಹಳದಿ ಪರಾಗದ ಉಂಡೆ ಅಂಟ್ಕೊಂಡು ಬಂದ್ವು. ಬೇರೆ ಹೂಗಳ ಥರ ಪುಡಿ ಉದುರೋದಿಲ್ಲ, ಇಡೀ ಉಂಡೆಯೇ ಕೀಟದ ಮೈಗೆ ಅಂಟಿ ಹೋಗುತ್ತೆ.

ಗೆಳೆಯ ಮನೆಗೆ ತಗೊಂಡು ಹೋಗೋಣ್ವಾ ಅಂದ. ನಾನು ಬೇಡ ಅಂದೆ, ಗಟ್ಟಿಯಾಗೇ ಅಂದೆ. ಒಂದು ಕಾಯಲ್ಲಿ ಸಾವಿರಾರು ಬೀಜ, ಕೆಲವು ಜಾತೀಲಿ ಲಕ್ಷಗಟ್ಟಲೆ, ಆದ್ರೆ ಧೂಳಿನಂಥ ಆ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರವೇ ಇರಲ್ಲ, ಸರಿಯಾದ ಶಿಲೀಂಧ್ರ ಜೊತೆಗೆ ಸಿಕ್ಕಿದ್ರೆ ಮಾತ್ರ ಬದುಕುತ್ತೆ, ಆಮೇಲೂ ಹೂ ಬಿಡೋಕೆ ವರ್ಷಗಳೇ ಬೇಕು. ಇಷ್ಟೆಲ್ಲಾ ದಾಟಿ ಬಂದಿರೋ ಗಿಡಾನ ಕಿತ್ಕೊಂಡು ಹೋಗೋಕೆ ನನಗೆ ಮನಸ್ಸು ಬರಲ್ಲ. ನೆಲದಲ್ಲೇ ಬಿಟ್ರೆ ಕೊಳೆಯುತ್ತೆ ಅಂತ ಟವೆಲ್ ಹರಿದು, ಆ ಕೊಂಬೆ ತುಂಡನ್ನ ಅದೇ ಮರದ ಕೈಗೆಟುಕೋ ಕವಲಿಗೆ, ಬೇರಿಗೆ ಒತ್ತದ ಹಾಗೆ ಕಟ್ಟಿದ್ವಿ. ಫೋಟೋ ತೆಗೆಯೋಕೆ ಮುಂಚೆ ಫೋನಲ್ಲಿ ಲೊಕೇಶನ್ ಆಫ್ ಮಾಡಿದ್ದೆ, ಜಾಗ ಗೊತ್ತಾದ್ರೆ ಕಿತ್ತು ಮಾರೋರು ಬಂದೇ ಬರ್ತಾರೆ.

ಮಳೆ ಹಿಡಿದ ಮೇಲೆ ಇನ್ನೊಂದ್ಸಲ ಹೋಗ್ಬೇಕು, ಹೊಸ ಬೇರು ಕವಲಿಗೆ ಕಚ್ಕೊಂಡಿದ್ರೆ ಟವೆಲ್ ಬಿಚ್ಚಿ ಬರೋದು.