ಕಾಗದದ ಮುದ್ದೆಯಲ್ಲಿ ಕರ್ನಾಟಕ: ತರಗತಿಯಲ್ಲೇ ಉಬ್ಬು ನಕ್ಷೆ ಮಾಡಿಸುವುದು ಹೇಗೆ?

ಶಾಲಾ ವಸ್ತುಪ್ರದರ್ಶನಗಳಲ್ಲಿ ಮಕ್ಕಳು ಮಾಡಿದ ಕರ್ನಾಟಕದ ಉಬ್ಬು ನಕ್ಷೆಗಳನ್ನು ತುಂಬಾ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಒಂದೇ ತಪ್ಪು. ಪಶ್ಚಿಮ ಘಟ್ಟವನ್ನು ಕಾಂಪೌಂಡ್ ಗೋಡೆಯ ಹಾಗೆ ಕಟ್ಟಿರುತ್ತಾರೆ. ಈ ಕಡೆ ಮಂಗಳೂರು ಹಲಗೆಯ ಮಟ್ಟದಲ್ಲಿ, ನಡುವೆ ಒಂದು ಗೋಡೆ, ಆ ಕಡೆ ಬೆಂಗಳೂರೂ ಹಲಗೆಯ ಮಟ್ಟದಲ್ಲಿ. ಮಂಗಳೂರಿನಿಂದ ಬಸ್ಸಿನಲ್ಲಿ ಬಂದವರಿಗೆ ನಿಜ ಗೊತ್ತು. ಶಿರಾಡಿ ಘಾಟಿ ಹತ್ತುತ್ತೇವೆ, ಸಕಲೇಶಪುರ ಬರುತ್ತದೆ. ಹತ್ತಿದಷ್ಟನ್ನು ಮತ್ತೆ ಇಳಿಯುವುದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ.

ಈ ತಪ್ಪಿಗೆ ಮಕ್ಕಳು ಕಾರಣರಲ್ಲ. ಪಾಠ ಮುಗಿಸಿ, ಪ್ರಶ್ನೋತ್ತರ ಬರೆಸಿ, ಕೊನೆಗೆ ‘ಮನೆಯಲ್ಲಿ ಮಾಡಿಕೊಂಡು ಬನ್ನಿ’ ಅಂತ ಹೇಳುತ್ತೇವಲ್ಲ, ಅಲ್ಲೇ ಕೆಡುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ರಾತ್ರಿ ಕೂತು ಮಾಡುತ್ತಾರೆ. ಮಗು ನಿದ್ದೆ ಮಾಡುತ್ತದೆ. ಮೂರನೇ ತರಗತಿಯವರೆಗೆ ‘ನಲಿಕಲಿ’ ಎಂಬ ಚಟುವಟಿಕೆಯ ಕಲಿಕೆಯಲ್ಲಿ ಕಾರ್ಡು, ಕಡ್ಡಿ, ಬೀಜ ಹಿಡಿದು ಕಲಿತ ಮಕ್ಕಳು ನಾಲ್ಕನೇ ತರಗತಿಗೆ ಬಂದೊಡನೆ ಪುಸ್ತಕದ ಮುಂದೆ ಕೈಕಟ್ಟಿ ಕೂರುವುದು ಯಾಕೆ? ಕರಾವಳಿ, ಮಲೆನಾಡು, ಬಯಲುಸೀಮೆಯ ಪಾಠವನ್ನು ಈ ನಕ್ಷೆ ಮಾಡುತ್ತಲೇ ಮುಗಿಸಬಹುದು. ನಾಲ್ಕೈದು ಪೀರಿಯಡ್ ಸಾಕು, ಆದರೆ ಒಣಗಲು ಹತ್ತು ದಿನ ಬೇಕು.

ಜೂನ್, ಜುಲೈನಲ್ಲಿ ಶುರು ಮಾಡಬೇಡಿ. ದಸರಾ ರಜೆ ಮುಗಿಯಲಿ, ಮಳೆ ಪೂರ್ತಿ ನಿಲ್ಲಲಿ.

ಹಲಗೆ ಮತ್ತು ಗೆರೆ

ಆರೇಳು ಮಕ್ಕಳ ಗುಂಪಿಗೆ ಒಂದು ನಕ್ಷೆ. ಮೂರು ಅಡಿಗೆ ಎರಡು ಅಡಿಯ ಹಳೆಯ ಪ್ಲೈವುಡ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಅಂಗಡಿಯ ರಟ್ಟಿನ ಪೆಟ್ಟಿಗೆ ಬಿಚ್ಚಿ ಎರಡು ಪದರ ಅಂಟಿಸಿ. ಒಂದರ ಒಳಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರಲಿ, ಆಗ ಬಾಗುವುದು ಕಡಿಮೆ. ಥರ್ಮೋಕೋಲ್ ಮಾತ್ರ ಬೇಡವೇ ಬೇಡ. ಅದು ಉದುರುತ್ತದೆ, ಕೊಳೆಯುವುದಿಲ್ಲ, ಬ್ಲೇಡಿನಲ್ಲಿ ಕೊಯ್ಯಬೇಕಾಗುತ್ತದೆ.

ರಾಜ್ಯ ಉತ್ತರ–ದಕ್ಷಿಣವಾಗಿ 15 ಸೆಂ.ಮೀ. ಬರುವ ಅಚ್ಚಿನ ನಕ್ಷೆಯ ಮೇಲೆ 1 ಸೆಂ.ಮೀ. ಚೌಕ, ಹಲಗೆಯ ಮೇಲೆ 5 ಸೆಂ.ಮೀ. ಚೌಕ ಹಾಕಿ, ಚೌಕ ನೋಡಿ ಚೌಕ ಬರೆಸಿ. ರಾಜ್ಯದ ಉತ್ತರ–ದಕ್ಷಿಣ ಉದ್ದ ಸುಮಾರು 750 ಕಿ.ಮೀ. ಹಲಗೆಯಲ್ಲಿ ಅದು 75 ಸೆಂ.ಮೀ. ಅಂದರೆ 1 ಸೆಂ.ಮೀ.ಗೆ 10 ಕಿ.ಮೀ.

ಕಡ್ಡಿ ನೆಡುವುದು: ಇಲ್ಲಿ ಅವಸರ ಬೇಡ

ಮುದ್ದೆ ಹಚ್ಚುವ ಮೊದಲೇ ಎತ್ತರ ಗೊತ್ತು ಮಾಡಬೇಕು. ಕಡ್ಡಿ ಪೊರಕೆಯ ಕಡ್ಡಿಗಳನ್ನು ಅಳೆದು ಕತ್ತರಿಸಿ, ಆಯಾ ಊರಿನ ಜಾಗದಲ್ಲಿ ನೆಡಿಸಿ. ಪ್ಲೈವುಡ್ ಆದರೆ ಕಡ್ಡಿಯ ಬುಡಕ್ಕೆ ಚೂರು ಜೇಡಿಮಣ್ಣು ಒತ್ತಿ ನಿಲ್ಲಿಸಿ. ಕಡ್ಡಿಯ ತುದಿ ಮುಟ್ಟುವಷ್ಟು ಮುದ್ದೆ ತುಂಬಬೇಕು, ಅಷ್ಟೇ ನಿಯಮ.

ಎಷ್ಟು ಉದ್ದದ ಕಡ್ಡಿ? ಇದನ್ನು ನೀವು ಹೇಳಬೇಡಿ, ಮಕ್ಕಳೇ ಲೆಕ್ಕ ಹಾಕಲಿ. 50 ಮೀಟರ್ ಎತ್ತರಕ್ಕೆ 1 ಮಿ.ಮೀ. ಕಡ್ಡಿ. ಬೆಂಗಳೂರು 900 ಮೀಟರ್, ಕಡ್ಡಿ 18 ಮಿ.ಮೀ. ಮೈಸೂರು ಸುಮಾರು 760 ಮೀಟರ್, ಕಡ್ಡಿ 15. ಕಲಬುರಗಿ 450, ಕಡ್ಡಿ 9. ರಾಯಚೂರು 400, ಕಡ್ಡಿ 8. ಮಡಿಕೇರಿ ಸುಮಾರು 1150, ಕಡ್ಡಿ 23. ನಂದಿ ಬೆಟ್ಟ 1478, ಹತ್ತಿರ ಹತ್ತಿರ 30. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್, ಕಡ್ಡಿ 39 ಮಿ.ಮೀ. ಮಂಗಳೂರಿಗೆ ಎಷ್ಟು ಅಂತ ಕೇಳಿ. ಲೆಕ್ಕ ಹಾಕಿದ ಮಗು ತಲೆ ಎತ್ತಿ ‘ಕಡ್ಡಿನೇ ಬೇಡ’ ಅನ್ನುತ್ತದೆ. ಭಾಗಾಕಾರದ ಅಭ್ಯಾಸವೂ ಆಯಿತು, ಅಲ್ವಾ?

ಕಡ್ಡಿಗಳೆಲ್ಲ ನಿಂತ ಮೇಲೆ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ದಕ್ಷಿಣದ ಕಡೆಯಿಂದ ನೋಡಲು ಹೇಳಿ. ಎಡಗಡೆ ಖಾಲಿ. ಥಟ್ಟನೆ ಎತ್ತರ. ಆಮೇಲೆ ಬಲಕ್ಕೆ ಹೋದ ಹಾಗೆ ನಿಧಾನ ಇಳಿಜಾರು, ಆದರೆ ಎಲ್ಲೂ ಹಲಗೆ ಮುಟ್ಟುವುದಿಲ್ಲ. ‘ಘಟ್ಟ ಅಂದರೆ ಗೋಡೆನಾ, ಮೆಟ್ಟಿಲಾ?’ ಎಂದು ಇಲ್ಲೇ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಈ ಹತ್ತು ನಿಮಿಷ ಬಿಟ್ಟರೆ ಉಳಿದದ್ದು ಬರೀ ಕ್ರಾಫ್ಟ್.

ಇನ್ನೊಂದು ಮಾತು ತಪ್ಪದೆ ಹೇಳಬೇಕು. ಎತ್ತರವನ್ನು ನಾವು 20 ಪಟ್ಟು ಹಿಗ್ಗಿಸಿದ್ದೇವೆ. ಉದ್ದದ ಅಳತೆಯನ್ನೇ ಎತ್ತರಕ್ಕೂ ಇಟ್ಟುಕೊಂಡರೆ ಮುಳ್ಳಯ್ಯನಗಿರಿ ಬರೀ 2 ಮಿ.ಮೀ. ಆಗುತ್ತದೆ. ಇದನ್ನು ಹಲಗೆಯ ಮೂಲೆಯಲ್ಲಿ ಮಕ್ಕಳ ಕೈಯಲ್ಲೇ ಬರೆಸಿ.

ಮುದ್ದೆಯ ಹದ

ಒಂದು ನಕ್ಷೆಗೆ ಒಂದು ಕಿಲೋ ಹಳೆಯ ಪತ್ರಿಕೆ. ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚಿನ ನಾರು ಚೆನ್ನಾಗಿ ಹಿಡಿಯುತ್ತದೆ. ಹೊಳೆಯುವ ಮ್ಯಾಗಜಿನ್ ಕಾಗದ ಬೇಡ, ಅದು ಬೇಗ ಕರಗುವುದಿಲ್ಲ. ರಾತ್ರಿಯಿಡೀ ನೆನೆಸಿ, ಒರಳಲ್ಲಿ ಕುಟ್ಟಿ. ಮಿಕ್ಸಿ ಆದರೆ ದೊಡ್ಡವರೇ ಆಡಿಸಲಿ.

ಅಂಟಿಗೆ ನನ್ನ ಆಯ್ಕೆ ಮೆಂತ್ಯ. ನೂರು ಗ್ರಾಂ ಮೆಂತ್ಯ ನೆನೆಸಿ ರುಬ್ಬಿ ಕಲಸಿದರೆ ಮುದ್ದೆಗೆ ಜಿಗುಟು ಬರುತ್ತದೆ. ಕಹಿಗೆ ಹುಳವೂ ದೂರ. ನಮ್ಮ ಅಜ್ಜಿಯರು ಕಾಗದದ ಬುಟ್ಟಿ ಮಾಡುತ್ತಿದ್ದದ್ದು ಹೀಗೇ. ಜೊತೆಗೆ ಎರಡು ಲೋಟ ಮೈದಾ ಗಂಜಿ, ಒಂದು ಹಿಡಿ ಉಪ್ಪು, ತರಗತಿಯಲ್ಲಿ ಉಳಿದ ಸೀಮೆಸುಣ್ಣದ ತುಂಡುಗಳ ಪುಡಿ. ಗಂಜಿಗೆ ಮೈಲುತುತ್ತ ಹಾಕುವ ರೂಢಿ ಕೆಲವು ಕಡೆ ಇದೆ. ಅದು ವಿಷ, ಮಕ್ಕಳ ಕೈಗೆ ಕೊಡಲೇಬಾರದು. ‘ಬೇಗ ಆಗುತ್ತೆ’ ಅಂತ ಪ್ಲಾಸ್ಟರ್ ಆಫ್ ಪ್ಯಾರಿಸ್ ತರುವವರೂ ಇದ್ದಾರೆ. ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಕೈ ಸುಡುವ ಅಪಾಯವಿದೆ. ಮಕ್ಕಳಿಗೆ ತಿದ್ದಲು ಸಮಯವೂ ಸಿಗುವುದಿಲ್ಲ.

ಎಲ್ಲರೂ ಸೋಲುವುದು ನೀರಿನಲ್ಲಿ. ಹಳೆಯ ಪಂಚೆಯಲ್ಲಿ ಕಟ್ಟಿ, ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಹಿಂಡಿದ ಮೇಲೆಯೇ ಮೆಂತ್ಯ, ಗಂಜಿ ಕಲಸಬೇಕು. ಉಂಡೆ ಕಟ್ಟಿ ಅಂಗೈಯಲ್ಲಿ ಒತ್ತಿ ನೋಡಿ. ಬೆರಳ ಸಂದಿಯಲ್ಲಿ ನೀರು ಬಂದರೆ ಇನ್ನೂ ಹಿಂಡಬೇಕಿತ್ತು. ಉಂಡೆ ಒಡೆದರೆ ಗಂಜಿ ಸಾಲದು. ಕಡುಬಿನ ಹಿಟ್ಟಿನ ಹದ ಬಂದರೆ ಸರಿ.

ಎರಡನೇ ಸೋಲು ದಪ್ಪದಲ್ಲಿ. ಒಂದು ಸಲಕ್ಕೆ ಒಂದು ಸೆಂ.ಮೀ.ಗಿಂತ ಜಾಸ್ತಿ ಹಚ್ಚಬಾರದು. ನಾನು ಮೊದಲ ಸಲ ಮಾಡಿಸಿದಾಗ ಜುಲೈ ತಿಂಗಳು. ನಾಲ್ಕು ಸೆಂ.ಮೀ. ಒಂದೇ ದಿನ ತುಂಬಿಸಿಬಿಟ್ಟೆ. ಮೇಲೆ ಒಣಗಿತು, ಒಳಗೆ ಬೂಷ್ಟು ಹಿಡಿಯಿತು. ಐದನೇ ದಿನ ವಾಸನೆ ತಡೆಯಲಾಗದೆ ಎಸೆಯಬೇಕಾಯಿತು. ಕರಾವಳಿಯ ಭಾಗ ಮಾಡಿದ್ದ ಹುಡುಗಿ ‘ಟೀಚರ್, ನಂದು ಒಣಗಿದೆ, ನಂದಷ್ಟನ್ನ ಇಟ್ಕೊಳ್ಲಾ?’ ಅಂತ ಕೇಳಿದಳು. ಆ ದಿನದಿಂದ ಪದರ ಪದರವಾಗಿ ಮಾತ್ರ ಮಾಡಿಸುತ್ತೇನೆ. ಎತ್ತರದ ಬೆಟ್ಟಗಳ ಕೆಳಗೆ ಒಣ ಪತ್ರಿಕೆಯ ಉಂಡೆ ಅಂಟಿಸಿ, ಅದರ ಮೇಲೆ ಮುದ್ದೆ ಹೊದಿಸಿ.

ಕೊನೆಯ ಪದರ ಹಸಿಯಾಗಿರುವಾಗಲೇ ಚಮಚದ ಹಿಂಬದಿಯಿಂದ ನದಿಗಳ ದಾರಿ ಒತ್ತಬೇಕು. ಕಾವೇರಿ, ತುಂಗಭದ್ರಾ, ಕೃಷ್ಣಾ, ಶರಾವತಿ ಸಾಕು. ಜೋಗದ ಹತ್ತಿರ ಬೆರಳಿನಿಂದ ಒಂದು ಚಿಕ್ಕ ಜಿಗಿತ ಮಾಡಿಸಿ. ಅಲ್ಲಿ ಶರಾವತಿ 253 ಮೀಟರ್ ಧುಮುಕುತ್ತದೆ, ನಮ್ಮ ಲೆಕ್ಕದಲ್ಲಿ 5 ಮಿ.ಮೀ.

ಪ್ರತಿ ಪದರವನ್ನೂ ಮೊದಲು ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಒಣಗಿಸಿ. ರಟ್ಟಿನ ಹಿಂಬದಿಗೂ ಗಂಜಿ ಬಳಿದು ಕಾಗದ ಅಂಟಿಸಿದರೆ ಹಲಗೆ ಸೊಟ್ಟಗಾಗುವುದಿಲ್ಲ. ಬಿರುಕಿಗೆ ತೆಳು ಮುದ್ದೆ ತುಂಬಿ.

ಬಣ್ಣ

ಇಲ್ಲಿ ಒಂದು ಜಗಳ ಬರುತ್ತದೆ, ಬರಲಿ. ಅಟ್ಲಾಸಿನಲ್ಲಿ ತಗ್ಗಿನ ಕರಾವಳಿ ಹಸಿರು, ಕಾಡು ತುಂಬಿದ ಮಲೆನಾಡು ಕಂದು. ‘ಮಲೆನಾಡು ಹಸಿರಲ್ವಾ ಟೀಚರ್?’ ಎಂದು ಮಕ್ಕಳು ಕೇಳುತ್ತಾರೆ. ಅಟ್ಲಾಸಿನ ಬಣ್ಣ ಎತ್ತರದ್ದು, ಕಾಡಿನದ್ದಲ್ಲ. ಹಾಗಾಗಿ ನಾನು ಹಸಿರನ್ನೇ ಕೊಡುವುದಿಲ್ಲ. ಕೆನೆ, ಹಳದಿ, ಕಿತ್ತಳೆ, ಕಂದು. ಯಾವ ಎತ್ತರಕ್ಕೆ ಯಾವುದು ಎಂದು ಗುಂಪೇ ನಿರ್ಧರಿಸಿ ಸೂಚಿ ಬರೆಯಲಿ. ಮೊದಲು ಒಂದು ಕೈ ಸುಣ್ಣ, ಆಮೇಲೆ ಪೋಸ್ಟರ್ ಬಣ್ಣ. ಮಿಂಚಿನ ಪುಡಿ ಬೇಡ. ಕಣ್ಣಿಗೆ ಬೀಳುತ್ತದೆ, ನೆಲದಿಂದ ಹೋಗುವುದಿಲ್ಲ, ನಕ್ಷೆಗೆ ಏನನ್ನೂ ಸೇರಿಸುವುದೂ ಇಲ್ಲ. ಬಣ್ಣ ಒಣಗಿದ ಮೇಲೆ ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ಎರಡು ಕೈ ಬಳಿದು, ಪೂರ್ತಿ ಒಣಗಲು ಬಿಡಿ.

ಒಂದು ಚಮಚ ನೀರು

ತಲಕಾವೇರಿಯಲ್ಲಿ ಒಂದು ಚಮಚ ನೀರು ಹಾಕುವ ಮೊದಲು ಕೇಳಿ: ‘ನೀರು ಯಾವ ಕಡೆ ಹೋಗುತ್ತೆ?’ ಅರಬ್ಬೀ ಸಮುದ್ರ ಬೆರಳಳತೆಯಲ್ಲಿ ಕಾಣುತ್ತಿರುತ್ತದೆ. ತುಂಬಾ ಮಕ್ಕಳು ಅತ್ತಲೇ ಕೈ ತೋರಿಸುತ್ತಾರೆ. ನೀರು ಪೂರ್ವಕ್ಕೆ ತಿರುಗುತ್ತದೆ. ಕಾವೇರಿ ಹತ್ತಿರದ ಕಡಲನ್ನು ಬಿಟ್ಟು ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುವುದು ಯಾಕೆ ಎಂದು ಆಗ ವಿವರಿಸಬೇಕಾಗಿಯೇ ಇಲ್ಲ. ಇಳಿಜಾರು ಅವರೇ ಕಟ್ಟಿದ್ದು. ಮುಂದಿನ ಚಮಚ ಶರಾವತಿಗೆ, ಅದು ಹೊನ್ನಾವರದ ಕಡೆ ಓಡುತ್ತದೆ. ನೀರು ಎಲ್ಲಾದರೂ ನಿಂತರೆ ಆ ಜಾಗದ ಕಡ್ಡಿ ಲೆಕ್ಕವನ್ನು ಮತ್ತೆ ನೋಡಲಿ. ನೀರನ್ನು ತಕ್ಷಣ ಬಟ್ಟೆಯಲ್ಲಿ ಒರೆಸಿ.

ನಕ್ಷೆಯನ್ನು ಗೋಡೆಗೆ ನೇತುಹಾಕಬೇಡಿ. ಗೋಡೆಯಲ್ಲಿ ಉತ್ತರ ಅಂದರೆ ‘ಮೇಲೆ’ ಎಂದೇ ಮಕ್ಕಳು ತಿಳಿಯುತ್ತಾರೆ. ಬೆಂಚಿನ ಮೇಲೆ, ಅವರ ಕೈಗೆಟುಕುವ ಹಾಗೆ ಮಲಗಿಸಿ. ಬೀದರ್ ನಿಜವಾದ ಉತ್ತರಕ್ಕೂ ಚಾಮರಾಜನಗರ ನಿಜವಾದ ದಕ್ಷಿಣಕ್ಕೂ ಬರಲಿ.